ಬಾಸ್ಟನ್ ತಂಡದ ಆಟಗಾರರ ಕ್ರಯವಿಕ್ರಯ

ಬೇಸ್‌ಬಾಲ್ ಆಟದ ಸುತ್ತಲೂ ಅಮೆರಿಕದಲ್ಲಿ ಒಂದು ಪುರಾಣವೇ ಬೆಳೆದಿದೆ. ಅದರೊಳಗಿನ ಶಾಪದ ಕಥೆಗಳಲ್ಲಿ ಬಹು ಪ್ರಸಿದ್ಧವಾದುದು ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡಕ್ಕೆ ಸೇರಿದುದು. ನಾಟಕದ ಸಾಹುಕಾರನೊಬ್ಬನು ರಂಗಭೂಮಿಯ ವೆಚ್ಚಕ್ಕಾಗಿ ಲೋಕೋತ್ತರನಾದ ಒಬ್ಬ ಆಟಗಾರನನ್ನು ಮಾರಿದನೆಂದೂ, ಆ ಪಾಪದ ಫಲವಾಗಿ ತಂಡವು ೮೬ ವರ್ಷಗಳ ಕಾಲ ಪ್ರಶಸ್ತಿಯನ್ನು ಕಾಣದೆ ಬಳಲಿತೆಂದೂ ಜನರು ಹೇಳುತ್ತ ಬಂದರು. ಕಥೆಯೇನೋ ರಮ್ಯವಾಗಿದೆ, ಆದರೆ ಸಾಲಪತ್ರಗಳನ್ನೂ ಕರಾರುಗಳನ್ನೂ ಎದುರಿಗಿಟ್ಟುಕೊಂಡು ನೋಡುವವರಿಗೆ ಅದು ಬೇರೆಯ ಬಣ್ಣವನ್ನೇ ತಾಳುತ್ತದೆ.

ಈ ತಂಡವು ೧೯೦೩, ೧೯೧೨, ೧೯೧೫, ೧೯೧೬ ಮತ್ತು ೧೯೧೮ರಲ್ಲಿ ವರ್ಲ್ಡ್ ಸೀರೀಸ್ ಎಂಬ ಪರಮೋಚ್ಚ ಪಂದ್ಯಾವಳಿಯನ್ನು ಗೆದ್ದಿತ್ತು. ಹೆಸರಾಂತ ಆಟಗಾರರನ್ನು ಹಣಕ್ಕೆ ಕೊಡುವ ಪದ್ಧತಿಯೂ ಆ ವೈಭವದ ದಿನಗಳಲ್ಲಿಯೇ ಮೊಳೆಯಿತು. ೧೯೧೬ರಲ್ಲಿ ಒಡೆಯನಾಗಿದ್ದ ಜೋಸೆಫ್ ಲ್ಯಾನಿನ್ ಎಂಬಾತನು ಟ್ರಿಸ್ ಸ್ಪೀಕರನ ಸಂಬಳವನ್ನು ತಗ್ಗಿಸಲು ಹವಣಿಸಿದನು, ಸ್ಪೀಕರನು ಒಪ್ಪಲಿಲ್ಲ, ಇಬ್ಬರು ಆಟಗಾರರಿಗೂ ಸುಮಾರು ೫೦,೦೦೦ ಡಾಲರುಗಳಿಗೂ ಅವನನ್ನು ಕ್ಲೀವ್‌ಲೆಂಡ್ ತಂಡಕ್ಕೆ ಕೊಟ್ಟುಬಿಟ್ಟರು. ಆ ವರ್ಷ ಅಮೆರಿಕನ್ ಲೀಗಿನ ದಾಂಡಿಗರಲ್ಲೆಲ್ಲ ಸ್ಪೀಕರನ ಸರಾಸರಿಯೇ ಮೇಲಾಯಿತು. ಹಾಗಿದ್ದರೂ ಬಾಸ್ಟನ್ ತಂಡವೇ ಪ್ರಶಸ್ತಿಯನ್ನು ಪಡೆದುದರಿಂದ ಲ್ಯಾನಿನ್ನನನ್ನು ಯಾರೂ ಶಪಿಸಲಿಲ್ಲ. ಗೆದ್ದವನ ತಪ್ಪುಗಳನ್ನು ಲೋಕವು ಎಣಿಸುವುದು ಕಡಮೆ.

೧೯೧೬ರ ಅಂತ್ಯದಲ್ಲಿ ತಂಡವನ್ನು ಕೊಂಡ ಹ್ಯಾರಿ ಫ್ರೇಜಿಯು ನ್ಯೂಯಾರ್ಕಿನ ನಾಟಕ ನಿರ್ಮಾಪಕನು. ಕ್ರಯದ ಹಣದಲ್ಲಿ ಒಂದು ಭಾಗವನ್ನು ಮುಂದೆ ತೀರಿಸುವೆನೆಂದು ಬರೆದುಕೊಟ್ಟಿದ್ದ ಅವನಿಗೆ ೧೯೧೯ರಲ್ಲಿ ಆ ಋಣವೇ ಕೊರಳಿಗೆ ಸುತ್ತಿಕೊಂಡಿತು. ಆ ವರ್ಷ ತಂಡವು ಎಂಟರಲ್ಲಿ ಆರನೆಯ ಸ್ಥಾನಕ್ಕೆ ಇಳಿದಿದ್ದಿತು. ಲೀಗಿನ ಅಧ್ಯಕ್ಷನಾದ ಬ್ಯಾನ್ ಜಾನ್ಸನ್ ಅವನಿಗೆ ಕಡುವೈರಿ. ಆ ವರ್ಷದ ಬೇಸಗೆಯಲ್ಲಿ ಕಾರ್ಲ್ ಮೇಸ್ ಎಂಬ ಚೆಂಡೆಸೆತಗಾರನನ್ನು ನ್ಯೂಯಾರ್ಕಿಗೆ ಮಾರಿದಾಗ ಜಾನ್ಸನನು ತಡೆಯೊಡ್ಡಿದ್ದರಿಂದ ವ್ಯಾಜ್ಯವು ನ್ಯಾಯಾಲಯದವರೆಗೆ ಹೋಯಿತು. ಎಂಟು ತಂಡಗಳಲ್ಲಿ ಐದು ಜಾನ್ಸನನ ಪಕ್ಷವನ್ನು ವಹಿಸಿದವು. ನ್ಯೂಯಾರ್ಕ್, ಶಿಕಾಗೋಗಳೆರಡೇ ಫ್ರೇಜಿಯ ಕಡೆಗೆ ಉಳಿದವು. ವ್ಯಾಪಾರಕ್ಕೆ ಬಾಗಿಲುಗಳೇ ಎರಡಾದ ಮೇಲೆ ಸರಕು ಮತ್ತೆಲ್ಲಿಗೆ ಹೋಗಬೇಕು?

ಬೇಬ್ ರೂತನು ಮೊದಲು ಚೆಂಡೆಸೆಯುವುದರಲ್ಲಿ ಹೆಸರಾದವನು. ೧೯೧೯ರಲ್ಲಿ ದಾಂಡಿನಿಂದ ೨೯ ಹೋಮ್ ರನ್‌ಗಳನ್ನು ಹೊಡೆದು ಅಂದಿನವರೆಗಿನ ದಾಖಲೆಗಳನ್ನೆಲ್ಲ ಮೀರಿದನು. ಮೂರು ವರ್ಷಗಳ ಕರಾರಿನಂತೆ ವರ್ಷಕ್ಕೆ ೧೦,೦೦೦ ಡಾಲರ್ ಪಡೆಯುತ್ತಿದ್ದವನು ಅದರ ಎರಡರಷ್ಟನ್ನು ಕೇಳಿದನು. ಋತುವಿನ ಕೊನೆಯ ಪಂದ್ಯಕ್ಕೆ ನಿಲ್ಲದೆ ಪ್ರದರ್ಶನದ ಆಟಕ್ಕೆ ಹೊರಟುಹೋದನು. ೧೯೧೯ರ ಡಿಸೆಂಬರ್ ೨೬ರಂದು ಫ್ರೇಜಿಯು ಅವನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿದನು. ಕ್ರಯವು ೧,೦೦,೦೦೦ ಡಾಲರ್. ಅದರಲ್ಲಿ ಕಾಲುಭಾಗ ಮಾತ್ರ ಕೂಡಲೇ, ಉಳಿದುದು ಕಂತುಗಳಲ್ಲಿ. ಇದರೊಡನೆ ಯಾಂಕೀಸ್ ಒಡೆಯರಲ್ಲೊಬ್ಬನಾದ ಜೇಕಬ್ ರೂಪರ್ಟನು ಬಾಸ್ಟನ್ನಿನ ಫೆನ್ವೇ ಪಾರ್ಕ್ ಕ್ರೀಡಾಂಗಣದ ಆಧಾರದ ಮೇಲೆ ೩,೦೦,೦೦೦ ಡಾಲರ್ ಸಾಲ ಕೊಡಲು ಒಪ್ಪಿದನು. ಆಟಗಾರನನ್ನು ಮಾರಿದ್ದಕ್ಕಿಂತಲೂ ತಂಡದ ಅಂಗಳವನ್ನೇ ಎದುರಾಳಿಗೆ ಒತ್ತೆಯಿಟ್ಟುದು ಹೆಚ್ಚಿನ ಪ್ರಮಾದವೆನ್ನಬೇಕು. ಜನರ ಕಥೆಯಲ್ಲಾದರೋ ಈ ಒತ್ತೆಯ ಮಾತು ಬರುವುದು ಅಪರೂಪ.

‘ನೋ, ನೋ, ನ್ಯಾನೆಟ್’ ಎಂಬ ಗೀತನಾಟಕಕ್ಕಾಗಿ ರೂತನನ್ನು ಮಾರಿದರೆಂಬುದು ನಿಲ್ಲುವ ಮಾತಲ್ಲ. ಅದು ನ್ಯೂಯಾರ್ಕಿನ ರಂಗವನ್ನೇರಿದುದು ೧೯೨೫ರಲ್ಲಿ. ಆದರೆ ಅದಕ್ಕೆ ಮೂಲವಾದ ‘ಮೈ ಲೇಡಿ ಫ್ರೆಂಡ್ಸ್’ ಎಂಬ ನಾಟಕವನ್ನು ಫ್ರೇಜಿಯು ೧೯೧೯ರ ಡಿಸೆಂಬರಿನಲ್ಲಿಯೇ ಆಡಿಸಿದ್ದನಾದ್ದರಿಂದ, ಐತಿಹ್ಯಕ್ಕೆ ಬೇರೇ ಇಲ್ಲವೆಂದು ಹೇಳಲಾಗದು.

ಬಳಿಕ ಕಟ್ಟೆ ಒಡೆಯಿತು. ವೇಟ್ ಹಾಯ್ಟ್, ವಾಲಿ ಶಾಂಗ್, ಎವರೆಟ್ ಸ್ಕಾಟ್, ಜೋ ಬುಷ್, ಸ್ಯಾಮ್ ಜೋನ್ಸ್, ಜೋ ಡುಗನ್, ಹರ್ಬ್ ಪೆನಾಕ್ ಇವರೆಲ್ಲರೂ ೧೯೨೦ರಿಂದ ೧೯೨೩ರೊಳಗೆ ಒಬ್ಬರ ಹಿಂದೊಬ್ಬರು ನ್ಯೂಯಾರ್ಕಿಗೆ ನಡೆದರು. ತಂಡವನ್ನು ನಡೆಸುತ್ತಿದ್ದ ಎಡ್ ಬ್ಯಾರೋ ಕೂಡ ಅತ್ತಲೇ ಹೋದನು. ೧೯೨೩ರಲ್ಲಿ ಯಾಂಕೀಸ್ ತಂಡವು ತನ್ನ ಮೊದಲನೆಯ ವರ್ಲ್ಡ್ ಸೀರೀಸನ್ನು ಗೆದ್ದಾಗ ಅದರ ಮುಖ್ಯ ಚೆಂಡೆಸೆತಗಾರರಲ್ಲಿ ಹೆಚ್ಚಿನವರು ಬಾಸ್ಟನ್ನಿನಿಂದ ಬಂದವರೇ. ಅದೇ ವರ್ಷ ಫ್ರೇಜಿಯು ತಂಡವನ್ನು ಮಾರಿ ಕೈತೊಳೆದುಕೊಂಡನು. ೧೯೨೨ರಿಂದ ೧೯೩೦ರವರೆಗಿನ ಒಂಬತ್ತು ವರ್ಷಗಳಲ್ಲಿ ಎಂಟು ಬಾರಿ ಬಾಸ್ಟನ್ ತಂಡವು ಕಟ್ಟಕಡೆಯ ಸ್ಥಾನದಲ್ಲಿದ್ದಿತು.

ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಉಪಾಖ್ಯಾನವಿದೆ. ತಂದೆಗೆ ಹಿರಿಯ ಮಗನು ಬೇಕು, ತಾಯಿಗೆ ಕಿರಿಯನು ಬೇಕು. ನಡುವಿನವನು ನೂರು ಹಸುಗಳಿಗೆ ಮಾರಿಹೋದನು. ಅವನ ಇಷ್ಟವೇನೆಂದು ಕೇಳಿದವರಿಲ್ಲ. ರೂತನ ಸಂಗತಿಯೂ ಈ ಅಂಶದಲ್ಲಿ ಹಾಗೆಯೇ. ಮಾರಾಟವಾದಾಗ ಅವನು ಕ್ಯಾಲಿಫೋರ್ನಿಯಾದಲ್ಲಿದ್ದನು. ಯಾಂಕೀಸ್ ತಂಡದ ಮಿಲ್ಲರ್ ಹಗಿನ್ಸ್ ಅಲ್ಲಿಗೆ ಹೋಗಿ ಅವನನ್ನು ಕಾಣಬೇಕಾಯಿತು. ಇದಕ್ಕೆಲ್ಲ ಮೂಲವು ೧೮೭೯ರಲ್ಲಿ ಆರಂಭವಾದ ಕಾಯ್ದಿರಿಸುವ ನಿಬಂಧನೆ. ಕರಾರಿನ ಅವಧಿ ಮುಗಿದರೂ ಆಟಗಾರನು ಬೇರೆಡೆಗೆ ಹೋಗಕೂಡದು. ಒಡೆಯನು ಮಾತ್ರ ಅವನನ್ನು ಎಲ್ಲಿಗಾದರೂ ಕಳುಹಬಹುದು. ಸಂಬಳವು ದೊಡ್ಡದಾಗಿದ್ದಿತೆಂಬುದರಿಂದ ಈ ಕಟ್ಟಿನ ಸ್ವರೂಪವು ಬದಲಾಗದು. ೧೯೬೯ರಲ್ಲಿ ಸೇಂಟ್ ಲೂಯಿಸಿನ ಕರ್ಟ್ ಫ್ಲಡ್ ಎಂಬ ನೀಗ್ರೋ ಜನಾಂಗದ ಆಟಗಾರನು, ಫಿಲಡೆಲ್ಫಿಯಾಕ್ಕೆ ತನ್ನನ್ನು ವಿನಿಮಯ ಮಾಡಿದಾಗ, ತಾನು ಮಾರಾಟದ ವಸ್ತುವಲ್ಲವೆಂದು ಹೋಗಲು ನಿರಾಕರಿಸಿದನು. ೧೯೭೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರ ಮತದಿಂದ, ಮೂವರ ಭಿನ್ನಮತದೊಡನೆ, ಅವನ ವಾದವನ್ನು ತಳ್ಳಿಹಾಕಿತು. ಅವನ ಆಟದ ಬಾಳು ಆ ವ್ಯಾಜ್ಯದಲ್ಲಿಯೇ ಸವೆದುಹೋಗಿದ್ದಿತು. ೧೯೭೫ರಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥನು ಇತ್ತ ತೀರ್ಪಿನಿಂದ ನಿಬಂಧನೆಯ ಹಿಡಿತವು ಸಡಿಲವಾಯಿತು, ಲಾಭವು ಇತರರದಾಯಿತು.

೧೯೩೩ರಲ್ಲಿ ಬಾಸ್ಟನ್ ತಂಡವನ್ನು ಕೊಂಡ ಟಾಮ್ ಯಾಕಿಯು ಲೆಫ್ಟಿ ಗ್ರೋವ್, ಜೋ ಕ್ರೋನಿನ್, ಜಿಮ್ಮಿ ಫಾಕ್ಸ್ ಇವರನ್ನು ಹೊಳೆಯಂತೆ ಹಣ ಸುರಿದು ತಂದರೂ ಪ್ರಶಸ್ತಿ ಬರಲಿಲ್ಲ. ಬಂದುದು ೨೦೦೪ರಲ್ಲಿ. ಆ ವರ್ಷದ ಮೂರು ಸರಣಿಗಳಲ್ಲಿಯೂ ಕೊನೆಯ ಪಂದ್ಯದ ಗೆಲುವು ಡೆರೆಕ್ ಲೋವ್ ಎಂಬ ಚೆಂಡೆಸೆತಗಾರನ ಹೆಸರಿಗೆ ದಾಖಲಾಯಿತು. ತಂಡದಲ್ಲಿ ಚೆಂಡು ಹಿಡಿಯುವವನು ಜೇಸನ್ ವಾರಿಟೆಕ್. ಇವರಿಬ್ಬರನ್ನೂ ೧೯೯೭ರ ಜುಲೈ ೩೧ರಂದು ಸಿಯಾಟಲ್ ತಂಡವು ಹೀತ್‌ಕ್ಲಿಫ್ ಸ್ಲೋಕಂ ಎಂಬ ಒಬ್ಬನಿಗಾಗಿ ಬಿಟ್ಟುಕೊಟ್ಟಿತ್ತು. ೨೦೨೦ರ ಫೆಬ್ರವರಿಯಲ್ಲಿ ಬಾಸ್ಟನ್ ತಂಡವು ಮೂಕಿ ಬೆಟ್ಸನನ್ನು ಲಾಸ್ ಏಂಜಲೀಸಿಗೆ ಕೊಟ್ಟಿತು; ಆ ವರ್ಷವೇ ಲಾಸ್ ಏಂಜಲೀಸ್ ತಂಡವು ಪ್ರಶಸ್ತಿಯನ್ನು ಗೆದ್ದಿತು. ಫ್ರೇಜಿಯ ಹೆಸರು ಬಾಸ್ಟನ್ ಜನರ ಬಾಯಲ್ಲಿ ಮತ್ತೆ ಕೇಳಿಬಂತು.