ಜಿಮಖಾನೆಯ ಅಂಗಳದಲ್ಲಿ ಧಾರವಾಡದ ಬಾಳೂ

ಮುಂಬಯಿಯ ಕಡಲದಂಡೆಯಲ್ಲಿ ಪಾರ್ಸಿ, ಇಸ್ಲಾಂ, ಹಿಂದೂ ಜಿಮಖಾನೆಗಳು ಇಂದಿಗೂ ಇವೆ. ಕ್ರಿಕೆಟ್, ಟೆನಿಸ್ ಮೊದಲಾದ ಆಟಗಳಿಗೆಂದು ಒಂದೊಂದು ಸಮುದಾಯ ಕಟ್ಟಿಕೊಂಡ ಸಂಸ್ಥೆಗಳಿವು. ಹಿಂದೂ ಜಿಮಖಾನೆ 1894ರದು. ಆದರೆ ‘ಸಮುದಾಯ’ದೊಳಗೆ ಯಾರಿದ್ದರು?

ಹಿಂದೂ ತಂಡದ ಹೆಸರಾಂತ ಎಡಗೈ ಬೌಲರ್ ಪಾಲವಣಕರ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಅಸ್ಪೃಶ್ಯವೆನಿಸಿದ್ದ ಚಮ್ಮಾರ ಮನೆತನದಲ್ಲಿ. ಪುಣೆಯ ಯುರೋಪಿಯನ್ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತ, ಬಿಳಿಯ ದಾಂಡಿಗರಿಗೆ ನೆಟ್ಟಿನಲ್ಲಿ ಚೆಂಡೆಸೆಯುತ್ತ ಪಳಗಿದವರು. ಅಲ್ಲಿನ ಹಿಂದೂಗಳು ಗೆಲುವಿನಾಸೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಚಹಾವನ್ನು ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಅವರೆಸೆದ ಚೆಂಡಿಗಿಲ್ಲದ ಮೈಲಿಗೆ ಚಹಾಕ್ಕಿತ್ತು!

1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರೂ ನಾಯಕಪಟ್ಟ ಅವರಿಗೆ ಒಲಿಯಲಿಲ್ಲ. 1923ರಲ್ಲಿ ಅದು ತಮ್ಮನಾದ ವಿಠ್ಠಲರಿಗೆ ದೊರೆಯಿತು. ಅವರ ನಾಯಕತ್ವದಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದಾಗ, ಮೇಲ್ಜಾತಿಯವರೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.