ದೂರ ಬೇಕೋ, ಬೆಳಕು ಬೇಕೋ?

ಕಮಲಾಪುರದ ಹುಡುಗನೊಬ್ಬ, ಸಂಬಂಧದಲ್ಲಿ ನನಗೆ ತಮ್ಮನಾಗಬೇಕು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡಿಟ್ಟುಕೊಂಡು ಫೋನ್ ಮಾಡಿದ. "ಅಣ್ಣಾ, ಎರಡರ ರೇಟೂ ಅಷ್ಟಷ್ಟೇ ಅದ. ಒಂದು ಹಳೇದು, ಲೆನ್ಸ್ ಬಿಚ್ಚಿ ಬದಲಿ ಮಾಡೋದು. ಇನ್ನೊಂದು ಅದಕ್ಕಿಂತ ಏಳು ವರ್ಷ ಹೊಸಾದು, ಚಂದ್ರನ ಮ್ಯಾಲಿನ ತಗ್ಗು ಸೈತ ಕಾಣ್ತಾವಂತ. ಯಾವ್ದು ತಗೊಳ್ಲಿ?" ಹಳೆಯದು 2008ರ ನಿಕಾನ್ ಡಿ90. ಹೊಸದು 2015ರ ನಿಕಾನ್ ಪಿ900, ಅಂದ್ರೆ 83 ಪಟ್ಟು ಜೂಮ್ ಇರುವ, ಲೆನ್ಸ್ ಬಿಚ್ಚಲು ಬಾರದ ಸೂಪರ್‌ಜೂಮ್.

ಹೊಸದು ಅಂದ್ರೆ ಒಳ್ಳೆಯದು ಅನ್ನೋ ಲೆಕ್ಕ ನಮಗೆಲ್ಲ ಮೊಬೈಲ್ ಕಲಿಸಿದ್ದು. ಎರಡು ವರ್ಷದ ಹಿಂದಿನ ಫೋನು ಮುದುಕ, ಐದು ವರ್ಷದ ಹಿಂದಿನದು ಕಸ. ಕ್ಯಾಮೆರಾ ವಿಷಯದಲ್ಲಿ ಆ ಲೆಕ್ಕ ಅರ್ಧ ಮಾತ್ರ ನಡೆಯುತ್ತೆ. ಯಾಕಂದ್ರೆ ಇಲ್ಲಿ ನಿಜವಾದ ಪ್ರಶ್ನೆ ಹಳೆಯದೋ ಹೊಸದೋ ಅನ್ನುವುದಲ್ಲ. ಆ ಪ್ರಶ್ನೆಗೆ ಹತ್ತಿರ ಹತ್ತಿರ ಫೋಟೊಗ್ರಫಿಯಷ್ಟೇ ವಯಸ್ಸು.

1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತೋರಿಸಿದಾಗ ಕ್ಯಾಮೆರಾದ ಮುಂದೆ ಇದ್ದದ್ದು ಬಹಳ ಮಬ್ಬು ಲೆನ್ಸು. ಬಿಸಿಲಲ್ಲೂ ನಿಮಿಷಗಟ್ಟಲೆ ಬೆಳಕು ಬೀಳಬೇಕು. ಕಟ್ಟಡ ಅಲುಗಾಡುವುದಿಲ್ಲ, ಸರಿ. ಮನುಷ್ಯರು? ಮರುವರ್ಷವೇ ವಿಯೆನ್ನಾದ ಗಣಿತದ ಪ್ರೊಫೆಸರ್ ಯೋಸೆಫ್ ಪೆಟ್ಜ್‌ವಾಲ್ ಕಾಗದದ ಮೇಲೆ ಲೆಕ್ಕ ಹಾಕಿ ಒಂದು ಲೆನ್ಸ್ ರೂಪಿಸಿದ, ಫೋಗ್ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. ಈಗಿನ ಭಾಷೆಯಲ್ಲಿ ಅದು ಸುಮಾರು ಎಫ್/3.6. ಡಾಗೇರ್‌ನ ಲೆನ್ಸಿಗಿಂತ ಸುಮಾರು ಹದಿನೈದು ಪಟ್ಟು ಹೆಚ್ಚು ಬೆಳಕು. ಆದರೆ ಚಿತ್ರದ ನಡು ಭಾಗ ಮಾತ್ರ ಚೊಕ್ಕ, ಅಂಚು ಕಲಸಿಹೋಗುತ್ತಿತ್ತು. ಹಾಗಾಗಿ ಮುಖ ತೆಗೆಯುವ ಸ್ಟುಡಿಯೋದವರು ಪೆಟ್ಜ್‌ವಾಲ್ ಹಿಡಿದರು, ಗುಡಿ ಗುಡ್ಡ ತೆಗೆಯುವವರು ಮಬ್ಬು ಲೆನ್ಸಿನಲ್ಲೇ ಉಳಿದರು. ಎಲ್ಲಕ್ಕೂ ಒಗ್ಗುವ ಲೆನ್ಸ್ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮ ಕಡೆಗೆ ಕ್ಯಾಮೆರಾ ಬಂದದ್ದು ಹೀಗೆ ಗುಡಿ ಗುಮ್ಮಟ ತೆಗೆಯುವವರ ಹೆಗಲ ಮೇಲೆ. 1855ರಲ್ಲಿ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಗೆ ಹಳೆಯ ಕಟ್ಟಡಗಳ ಫೋಟೊ ತೆಗೆಯುವ ಕೆಲಸ ಒಪ್ಪಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳ ಮೊದಮೊದಲ ಫೋಟೊಗಳು ಅವನವು. ಫಿಲ್ಮಿನ ಬದಲು ಕಾಗದದ ನೆಗೆಟಿವ್. ಅವನನ್ನು ಸೈನ್ಯ ವಾಪಸ್ ಕರೆಸಿಕೊಂಡ ಮೇಲೆ ಡಾಕ್ಟರ್ ಪಿಗೌ ಎಂಬವನು ಮುಂದುವರಿಸಿದ. ಇಂಥ ಫೋಟೊಗಳೆಲ್ಲ 1866ರಲ್ಲಿ ಲಂಡನ್ನಿನಲ್ಲಿ ದಪ್ಪ ಪುಸ್ತಕಗಳಾಗಿ ಬಂದಾಗ ಅವಕ್ಕೆ ಇತಿಹಾಸದ ಭಾಗ ಬರೆದವನು ನಮಗೆ ಗೊತ್ತಿರುವವನೇ: ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ ಮೆಡೋಸ್ ಟೇಲರ್. ಕಲಬುರಗಿ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆ ತೆರೆದದ್ದು 1914ರಲ್ಲಿ. ಗುಲಾಮ್ ಯಜ್ದಾನಿ ಅದರ ಮುಖ್ಯಸ್ಥರಾದ ಮೇಲೆ ವರ್ಷವರ್ಷದ ವರದಿಗಳಲ್ಲಿ ಫೋಟೊ ಪುಟಗಳು ಬರತೊಡಗಿದವು.

ಕಲಬುರಗಿಯಲ್ಲಿ ಫೋಟೊ ತೆಗೆಯೋದು ಬಿಜಾಪುರದಲ್ಲಿ ತೆಗೆದಷ್ಟು ಸಲೀಸಲ್ಲ. ಕೋಟೆಯೊಳಗಿನ ಜಾಮಾ ಮಸೀದಿಗೆ ಹೋದವರಿಗೆ ಗೊತ್ತು. 1367ರ ಕಟ್ಟಡ. ಕಟ್ಟಿದವನು ಇರಾನಿನ ಕಜ್ವಿನ್ ಊರಿನ ರಫಿ ಅಂತ ಶಾಸನ ಹೇಳುತ್ತೆ. 216 ಅಡಿ ಉದ್ದ, 176 ಅಡಿ ಅಗಲ. ಇಷ್ಟು ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುವುದು ರೂಢಿ, ಇಲ್ಲಿ ಅಂಗಳವೇ ಇಲ್ಲ. ಪೂರ್ತಿ ಚಾವಣಿ, ಅದರ ಮೇಲೆ ಹತ್ತಾರು ಸಣ್ಣ ಗುಮ್ಮಟ. ಬೆಳಕು ಪಕ್ಕದ ಅಗಲವಾದ, ಕುಳ್ಳ ಕಮಾನುಗಳಿಂದ ನೆಲದ ಮೇಲೆ ಸರಿದು ಬರುತ್ತೆ, ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಲು ಸಾಲು ಕಂಬಗಳ ನಡುವೆ ಕರಗಿಹೋಗುತ್ತೆ. ಹೊರಗೆ ಏಪ್ರಿಲ್ಲಿನ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಸಂಜೆ. ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಅಂದ್ರೆ ಕೈಯಲ್ಲೇ ಹಿಡಿದು ತೆಗೆಯಬೇಕು.

ಇಲ್ಲಿ ಆ ಎರಡು ಕ್ಯಾಮೆರಾ ಪಕ್ಕಪಕ್ಕ ಇಟ್ಟು ಲೆಕ್ಕ ಮಾಡೋಣ. ಡಿ90ಯ ಸೆನ್ಸರ್ 23.6 ಮಿ.ಮೀ. ಉದ್ದ, 15.8 ಮಿ.ಮೀ. ಅಗಲ. ಪಿ900ದು ಸುಮಾರು 6.2 ಮಿ.ಮೀ.ಗೆ 4.6, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ವ್ಯತ್ಯಾಸ. ಮಳೆಯಲ್ಲಿ ಒಬ್ಬ ಪರಾತ ಇಟ್ಟ, ಇನ್ನೊಬ್ಬ ಚಹಾದ ಬಸಿ ಇಟ್ಟ ಅಂದುಕೊಳ್ಳಿ. ಮಳೆ ಒಂದೇ, ತುಂಬಿದ ನೀರು ಬೇರೆ. ಡಿ90ಗೆ ಎಫ್/1.8ರ 35 ಎಂಎಂ ಲೆನ್ಸ್ ಹಾಕಿದರೆ, ಎಫ್/2.8ರಲ್ಲಿ ತೆರೆದುಕೊಳ್ಳುವ ಪಿ900ಗಿಂತ ಒಟ್ಟಾರೆ ಮೂವತ್ತು ಪಟ್ಟಿನಷ್ಟು ಬೆಳಕು ಸಿಗುತ್ತೆ. ಅಗಲವಾದ ನೋಟ ಬೇಕು ಅಂತ ಜೊತೆಗೆ ಬರುವ ಅಗ್ಗದ ಕಿಟ್ ಲೆನ್ಸನ್ನೇ ಹಾಕಿದರೂ ಎಂಟು ಪಟ್ಟು. ಏಳು ವರ್ಷದಲ್ಲಿ ಸೆನ್ಸರ್ ಸುಧಾರಿಸಿದೆ, ನಿಜ, ಆದರೆ ಆ ಸುಧಾರಣೆ ಇಷ್ಟು ಅಂತರವನ್ನು ತುಂಬುವುದಿಲ್ಲ. (ಮೊಬೈಲೇ ಸಾಕಲ್ಲ ಅನ್ನುವವರಿಗೆ: ಅದು ಹಲವು ಫೋಟೊಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತಲನ್ನು ಗೆಲ್ಲುತ್ತೆ, ಚೆನ್ನಾಗಿಯೇ. ಯಾರಾದರೂ ಅಲುಗಾಡುವವರೆಗೆ.)

ಇನ್ನು ದೂರದ ಕಥೆ. 1891ರ ಹೊತ್ತಿಗೆ ಟೆಲಿಫೋಟೊ ಲೆನ್ಸ್ ಬಂತು. 1925ರಲ್ಲಿ ಬಂದ ಲೈಕಾಗೆ ಒಂದೇ ಲೆನ್ಸ್, ಬಿಚ್ಚಲಾಗದ್ದು. 1930ರಲ್ಲಿ ಅದೇ ಲೈಕಾ ತಿರುಗಿಸಿ ಬಿಚ್ಚುವ ಲೆನ್ಸ್ ಕೊಟ್ಟಿತು. ನನಗೆ ಬಹಳ ಇಷ್ಟದ ವರ್ಷ 1959. ಆ ವರ್ಷ ನಿಕಾನ್ ತನ್ನ ಎಫ್ ಕ್ಯಾಮೆರಾ ತಂದಿತು. ಅದರ ಜೊತೆ ಬಂದ ಲೆನ್ಸ್ ಕೂಡಿಸುವ ಉಂಗುರ, ಎಫ್ ಮೌಂಟ್, ನಮ್ಮ ಹುಡುಗ ನೋಡಿಟ್ಟ ಡಿ90ಯ ಮುಂದೆಯೂ ಇದೆ. ಅದೇ ವರ್ಷ ಫೋಗ್ಟ್‌ಲೆಂಡರ್ (ಹೌದು, ಪೆಟ್ಜ್‌ವಾಲ್ ಲೆನ್ಸ್ ಮಾಡಿದ ಅದೇ ಕಂಪನಿ) ಜೂಮಾರ್ ಎಂಬ 36ರಿಂದ 82 ಎಂಎಂ ಲೆನ್ಸ್ ಮಾರುಕಟ್ಟೆಗೆ ಬಿಟ್ಟಿತು. ಸ್ಟಿಲ್ ಕ್ಯಾಮೆರಾಗೆ ಅಂತ ಮಾರಾಟಕ್ಕೆ ಬಂದ ಮೊದಲ ಜೂಮ್ ಅದು. ಇಂದಿನ ಪೇಚಾಟದ ಎರಡು ಕಡೆಯವರೂ ಒಂದೇ ವರ್ಷ ಹುಟ್ಟಿದ ಅವಳಿಗಳಂಗ ಇದ್ದಾರೆ ನೋಡ್ರಿ. ಜೂಮಾರ್‌ಗೆ ಎರಡು ಪಟ್ಟು ಜೂಮ್ ಸಾಕಾಗಿತ್ತು, ಪಿ900ಗೆ 83 ಬೇಕಾಯಿತು. 2018ರ ಪಿ1000 ಅದನ್ನು 125ಕ್ಕೆ ಏರಿಸಿತು, ತೂಕವನ್ನೂ 1.4 ಕಿಲೋಗೆ.

ನಮ್ಮ ಮನೆಗಳಲ್ಲಿ ಈ ಪೇಚಾಟ ಇರಲೇ ಇಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾ ಏನಿದ್ದರೂ ಸ್ಟುಡಿಯೋದವರ ಹತ್ತಿರ, ಪೇಪರಿನವರ ಹತ್ತಿರ. ಮನೆಗೆ ಬಂದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ, ಆಮೇಲೆ ಎಂಬತ್ತರ ದಶಕದ ಹಾಟ್‌ಶಾಟ್. ಎರಡಕ್ಕೂ ಒಂದೇ ಲೆನ್ಸ್, ಜೂಮ್ ಇಲ್ಲ. ಹತ್ತಿರ ಬೇಕಾದರೆ ಹತ್ತಿರ ಹೋಗು, ಅಷ್ಟೇ. ನಮ್ಮ ಹಳೆಯ ಆಲ್ಬಮ್ಮುಗಳಲ್ಲಿ ಎಲ್ಲರೂ ಅಂಗಳದಲ್ಲಿ ಕಣ್ಣು ಕಿರಿದು ಮಾಡಿ ನಿಂತಿರುವುದಕ್ಕೆ ಕಾರಣ ಆ ಕ್ಯಾಮೆರಾಗಳಿಗೆ ಬಿಸಿಲು ಬೇಕಿತ್ತು. ಅಡಿಗಿಮನಿಯೊಳಗಿನ ಫೋಟೊ ಎಷ್ಟು ಮನೆಗಳ ಆಲ್ಬಮ್ಮಿನಲ್ಲಿದೆ, ಹುಡುಕಿ ನೋಡಿ.

ಹಕ್ಕಿ, ಪ್ರಾಣಿ ತೆಗೆಯುತ್ತಿದ್ದ ಕರ್ನಾಟಕದ ಹಿರಿಯರಿಗೂ ದೂರ ದುಬಾರಿಯಾಗಿತ್ತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಅದಕ್ಕೆ ಕಂಡುಕೊಂಡ ಉಪಾಯ ಹೈಡ್, ಅಂದ್ರೆ ಬಟ್ಟೆ, ಸೊಪ್ಪು ಹೊದಿಸಿದ ಪುಟ್ಟ ಗೂಡಾರದೊಳಗೆ ಗಂಟೆಗಟ್ಟಲೆ ಮಿಸುಕಾಡದೆ ಕೂರುವುದು. ಕಾಡಿನ ಕಪ್ಪು ಬಿಳುಪು ಫೋಟೊಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ ನಡುವೆ ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದರು. ಕಾದು ಕೂರುವ ತಾಳ್ಮೆ ಬಜೆಟ್ ಅಧಿವೇಶನದಲ್ಲೂ ಉಪಯೋಗಕ್ಕೆ ಬಂದಿರಬೇಕು. ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಳ ಬೆನ್ನುಹತ್ತಿದ್ದು ನಿಮಗೆ ಗೊತ್ತೇ ಇದೆ. ಇವರೆಲ್ಲ ಸಮಯ ಕೊಟ್ಟು ಕೊಂಡ ದೂರವನ್ನು ಸೂಪರ್‌ಜೂಮ್ ದುಡ್ಡಿಗೆ ಮಾರುತ್ತೆ. ಅದು ಕಡಿಮೆ ಸಾಧನೆ ಅಲ್ಲ. ಗೂಡಿನ ಹತ್ತಿರ ಹೋಗಿ ಹಕ್ಕಿಯನ್ನು ಗಾಬರಿಪಡಿಸದೆ ತೆಗೆಯಬಹುದು ಅನ್ನೋದು ನನ್ನ ಪ್ರಕಾರ ಅದರ ದೊಡ್ಡ ಪುಣ್ಯ.

ಕಮಲಾಪುರದ ಕಡೆ ತೊಗರಿ ಹೊಲದ ಮೇಲಿನ ಕರೆಂಟ್ ತಂತಿಯಲ್ಲಿ ಒಂದು ನೀಲಕಂಠ ಕೂತಿದೆ, ನೀವು ಅರವತ್ತು ಮೀಟರ್ ದೂರದ ರಸ್ತೆಯಲ್ಲಿದ್ದೀರಿ ಅನ್ನಿ. ಹಕ್ಕಿಯ ಉದ್ದ ಸುಮಾರು ಒಂದು ಅಡಿ. ಪಿ900 ಪೂರ್ತಿ ಎಳೆದರೆ ಚೌಕಟ್ಟಿನೊಳಗೆ ಬರುವುದು ಹೆಚ್ಚು ಕಡಿಮೆ ಒಂದು ಮೀಟರ್ ಅಗಲದ ಜಾಗ, ಹಕ್ಕಿ ಅದರ ಕಾಲು ಭಾಗ ತುಂಬುತ್ತೆ. ಡಿ90ಗೆ 300 ಎಂಎಂ ಲೆನ್ಸ್ ಹಾಕಿದರೂ ಚೌಕಟ್ಟು ನಾಲ್ಕೂ ಮುಕ್ಕಾಲು ಮೀಟರ್, ಹಕ್ಕಿ ಸುಮಾರು ಹದಿನೈದರಲ್ಲಿ ಒಂದು ಭಾಗ. ಕಿಟ್ ಲೆನ್ಸಿನಲ್ಲಿ ಅದು ತಂತಿಯ ಮೇಲಿನ ಚುಕ್ಕೆ. ಇಲ್ಲಿ ಹಳೆಯ ಕ್ಯಾಮೆರಾ ಸೋತಿತು, ವಾದ ಬೇಡ.

ಆದರೆ ಈ ಗೆಲುವಿಗೆ ನಮ್ಮ ಊರಿನಲ್ಲಿ ಟೈಮ್ ಟೇಬಲ್ ಇದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತು ದಾಟಿತು ಅಂದ್ರೆ ನೆಲದಿಂದ ಬಿಸಿಗಾಳಿ ಏಳುತ್ತೆ, ಬಿಸಿಲ್ಗುದುರೆ ಕುಣಿಯತೊಡಗುತ್ತೆ. ನಡುವಿನ ಗಾಳಿಯೇ ಕೆಟ್ಟ ಲೆನ್ಸ್ ಆಗಿಬಿಡುತ್ತೆ, ಜೂಮ್ ಎಳೆದಷ್ಟೂ ನಡುಗುವ ಗಾಳಿಯೇ ದೊಡ್ಡದಾಗಿ ಕಾಣುತ್ತೆ. ಧೂಳಿನದೂ ಒಂದು ಪಾಲಿದೆ. ಹೊಲದಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಧೂಳು ಕೂರುತ್ತೆ ಅಂತ ಡಿ90ಯನ್ನು ಬೈಯುವವರು ಸರಿಯೇ. ಸೂಪರ್‌ಜೂಮಿನ ಕೊಳವೆಯೂ ಒಳಗೆ ಹೊರಗೆ ಓಡಾಡುತ್ತಾ ಧೂಳನ್ನು ಒಳಗೆಳೆಯುತ್ತೆ, ಒಂದೇ ವ್ಯತ್ಯಾಸ ಅಂದ್ರೆ ಅದನ್ನು ಮನೆಯಲ್ಲಿ ಬಿಚ್ಚಿ ಊದಲು ಆಗಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನನ್ನು ಕೇಳಿದೆ: "ಏನ್ ತಗೀಬೇಕಂತ ಮಾಡೀಯೋ ತಮ್ಮಾ?" ಹಕ್ಕಿ, ಚಂದ್ರ ಅಂದ. ಆಮೇಲೆ ಸುಮ್ಮನಾಗಿ, "ಮುತ್ಯಾನ ಮನಿ ದೀಪಾವಳಿ ಆದಮ್ಯಾಲ ಕೆಡವ್ತಾರಣ್ಣ. ಆಯಿ ಇನ್ನೂ ಅಲ್ಲೇ ಅಡಿಗಿ ಮಾಡ್ತಾಳ" ಅಂದ. ಆ ಮನೆ ನಾನು ನೋಡಿದ್ದೇನೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಅಡಿಗಿಮನಿಗೆ ಮೇಲಿನಿಂದ ಒಂದೇ ಬೆಳಕಿಂಡಿ. ಅದು ಸಣ್ಣ ಜಾಮಾ ಮಸೀದಿ. ಅಲ್ಲಿ ಯಾವುದೂ ಹದಿನೈದು ಅಡಿಗಿಂತ ದೂರದಲ್ಲಿಲ್ಲ, ಬೆಳಕೂ ಇಲ್ಲ, ಆಯಿಗೆ ಅಲುಗಾಡದೆ ನಿಲ್ಲು ಅನ್ನುವ ಧೈರ್ಯ ಯಾರಿಗೂ ಇಲ್ಲ. ಫ್ಲ್ಯಾಶ್ ಹೊಡೆದರೆ ಮುಖ ಬರುತ್ತೆ, ಮನೆ ಹೋಗುತ್ತೆ. ಡಿ90 ತಗೋ ಅಂದೆ. ಚಂದ್ರ ಮುಂದಿನ ವರ್ಷವೂ ಇರ್ತಾನೆ.

ಹಕ್ಕಿಯೇ ಪ್ರಾಣ ಅನ್ನುವವರು ಸಂಕೋಚವಿಲ್ಲದೆ ಸೂಪರ್‌ಜೂಮ್ ಕೊಳ್ಳಿ, ಕ್ಲಬ್ಬಿನ ಹಿರಿಯರು ಮೂಗು ಮುರಿದರೆ ಮುರಿಯಲಿ. ಉಳಿದವರಿಗೆ ಹಳೆಯದರ ಪರ ಇನ್ನೊಂದು ಮಾತು: ಅದು ಕೆಟ್ಟರೆ ಅರ್ಧವೇ ಕೆಡುತ್ತೆ. ಡಿ90 ಸತ್ತರೂ ಲೆನ್ಸ್ ಉಳಿಯುತ್ತೆ, ಇನ್ನೊಂದು ಹಳೆಯ ಬಾಡಿಗೆ ಕೂಡುತ್ತೆ. ನಿಕಾನ್ 2018ರಲ್ಲಿ ಹೊಸ ಜೆಡ್ ಮೌಂಟಿಗೆ ಹೋದರೂ ಅಡಾಪ್ಟರ್ ಕೊಟ್ಟಿದೆ. ಕ್ಯಾನನ್ 1987ರಲ್ಲಿ ಹಳೆಯ ಎಫ್‌ಡಿ ಮೌಂಟ್ ಕೈಬಿಟ್ಟಾಗ ಅದರ ಗಿರಾಕಿಗಳು ಎಷ್ಟು ಕುದ್ದರು ಅಂತ ಹಳಬರನ್ನು ಕೇಳಿ. ಆದರೆ ಕೊಳ್ಳುವಾಗ ಮರೆಯಬೇಡಿ: ಡಿ90 ಒಳಗೆ ಫೋಕಸ್ ಮೋಟಾರ್ ಇದೆ, ಹಳೆಯ ಎಎಫ್ ಲೆನ್ಸೂ ತಾನೇ ಫೋಕಸ್ ಮಾಡುತ್ತೆ. ಡಿ3000, ಡಿ5000 ಸಾಲಿನವುಗಳಲ್ಲಿ ಅದಿಲ್ಲ, ಎಎಫ್-ಎಸ್ ಅಂತ ಬರೆದ ಲೆನ್ಸೇ ಬೇಕು. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಅಲ್ಲೇ ವಾಪಸ್ ಕೊಡಿ.

ಇನ್ನೊಂದು ವಿಷಯ ಕಮಲಾಪುರದವರಿಗೆ ಮಾತ್ರ ಉಪಯೋಗ. ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ, ಹುಡುಗನ ಮನೆಯವರದೂ ಒಂದಿಷ್ಟು ತೋಟ ಇದೆ. ಬಾಳೆ ಎಲೆಯಡಿ ಬೀಳುವ ಬೆಳಕು ಹಸಿರು, ಆ ಹಸಿರಿನಲ್ಲಿ ಕೆಂಪು ಗೊನೆ ಫೋಟೊದಲ್ಲಿ ಕಂದಾಗಿ, ಕೊಳೆತಂತೆ ಕಾಣುತ್ತೆ. ರಾ ಫೈಲ್ ಇದ್ದರೆ ಮನೆಗೆ ಬಂದು ಬಣ್ಣ ಸರಿ ಮಾಡಿಕೊಳ್ಳಬಹುದು. ಡಿ90 ರಾ ಕೊಡುತ್ತೆ. ಪಿ900 ಜೆಪೆಗ್ ಮಾತ್ರ ಕೊಡುತ್ತೆ. ಹುಡುಗ ಮೊನ್ನೆ ಕಳಿಸಿದ ಗೊನೆಯ ಫೋಟೊ ಮೊದಲ ಸಲಕ್ಕೆ ಸ್ವಲ್ಪ ಜಾಸ್ತಿಯೇ ಕೆಂಪಾಗಿದೆ.