ಬೀರುವಿನಿಂದ ಹಾಡಿಗೆ: ನಮ್ಮ ಶಾಲಾ ಗ್ರಂಥಾಲಯದ ಕಥೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಗ್ರಂಥಾಲಯದ ಚರಿತ್ರೆ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ಶಾಲೆಯ ದಾಸ್ತಾನು ವಹಿ ಮತ್ತು ವಿತರಣಾ ವಹಿಗಳನ್ನು ತರಿಸಿಕೊಂಡು ನೋಡಿದೆ. ಪುಸ್ತಕಗಳು ಬಂದ ಲೆಕ್ಕ ಮೊದಲಿನಿಂದಲೂ ಇದೆ. ಆದರೆ ಪುಸ್ತಕ ಪಡೆದವರ ಪಟ್ಟಿಯಲ್ಲಿ ಬಹುಕಾಲ ಶಿಕ್ಷಕರ ಹೆಸರುಗಳೇ ಕಾಣುತ್ತವೆ. ಹಾಡಿಯ ಮಕ್ಕಳ ಹೆಸರು ಬಂದದ್ದು ತೀರ ತಡವಾಗಿ.

ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಕಥೆ ಹಿರಿಯರಿಗೆ ಗೊತ್ತೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಕಾಲದಲ್ಲಿ ಎಷ್ಟೋ ಜೇನುಕುರುಬ, ಕಾಡುಕುರುಬ ಕುಟುಂಬಗಳು ಕಾಡಿನೊಳಗಿನ ನೆಲೆ ಬಿಟ್ಟು ಅಂಚಿನ ಹಾಡಿಗಳಿಗೆ ಬಂದವು. ಅವರ ಮಕ್ಕಳು ಆಶ್ರಮ ಶಾಲೆ, ಹಿರಿಯ ಪ್ರಾಥಮಿಕ ಶಾಲೆಗಳನ್ನು ದಾಟಿ ನಮ್ಮಲ್ಲಿಗೆ ಬರುತ್ತಿದ್ದರು.

ನಾನು ಕನ್ನಡ ಶಿಕ್ಷಕನಾಗಿ ಸೇರಿದಾಗ ಎಂಟನೆಯ ತರಗತಿಯಲ್ಲೂ ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದರು. ಮನೆಮಾತು ಬೇರೆ, ಮನೆಯಲ್ಲಿ ಅಚ್ಚಿನ ಹಾಳೆಯೇ ಇಲ್ಲ. ಅವರಿಗೆ ಪುಸ್ತಕವೆಂದರೆ ಪರೀಕ್ಷೆ. ಇತ್ತ ಕಥೆಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿ ಬೀಗದೊಳಗೆ. ಪುಸ್ತಕ ಕಳೆದರೆ ಅದರ ಬೆಲೆ ಉಸ್ತುವಾರಿ ಶಿಕ್ಷಕರ ತಲೆಗೇ ಬರುತ್ತಿದ್ದ ಕಾಲ. ಆ ಭಯದಿಂದ ನಾನೂ ಒಂದು ವರ್ಷ ಬೀಗ ತೆಗೆಯಲಿಲ್ಲ; ಇದನ್ನು ಮುಚ್ಚಿಡಬಾರದು.

1995ರಲ್ಲಿ ನಲಿ-ಕಲಿ ಆರಂಭವಾದದ್ದು ನಮ್ಮ ತಾಲ್ಲೂಕಿನಲ್ಲೇ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಆ ಕ್ರಮ ನೋಡಿ ನಮಗೂ ದಾರಿ ಹೊಳೆಯಿತು. ಪುಸ್ತಕಗಳನ್ನು ತರಗತಿಯ ಪ್ರಕಾರ ಜೋಡಿಸದೆ ಓದಿನ ಕಷ್ಟದ ಪ್ರಕಾರ ಜೋಡಿಸಿದೆವು. ಶನಿವಾರ ಒಂದು ಅವಧಿ ಓದಿಗೇ ಮೀಸಲು. ಮೊದಲು ನಾನು ಗಟ್ಟಿಯಾಗಿ ಓದುವುದು, ಆಮೇಲೆ ಇಬ್ಬಿಬ್ಬರು ಜೊತೆಯಾಗಿ ಓದುವುದು. ಚಿತ್ರ ನೋಡಿ ತಮ್ಮ ಮನೆಮಾತಿನಲ್ಲೇ ಹೇಳಲು ಅಡ್ಡಿಯಿರಲಿಲ್ಲ. ಹಾಡಿಯ ಅಜ್ಜ ಅಜ್ಜಿಯರು ಹೇಳಿದ ಜೇನಿನ, ಆನೆಯ ಕಥೆಗಳನ್ನು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆದು ತಂದರು. ಅದನ್ನೂ ಬೀರುವಿನಲ್ಲಿಟ್ಟೆವು. ಹೆಚ್ಚು ಕೈಬದಲಾದ ಪುಸ್ತಕ ಅದೇ.

ಒಬ್ಬ ಹುಡುಗ ಕಾಫಿ ಕೊಯ್ಲಿಗೆ ತಂದೆತಾಯಿಯೊಡನೆ ಕೊಡಗಿಗೆ ಹೋದವನು ಕಥೆಪುಸ್ತಕವನ್ನೂ ಒಯ್ದಿದ್ದ. ನಾನು ಅದನ್ನು ‘ಕಳೆದಿದೆ’ ಎಂದು ಬರೆದು ಹಣ ಕಟ್ಟಿದ್ದೆ. ಮೂರು ತಿಂಗಳ ನಂತರ ಬಂದು ಪುಸ್ತಕ ಮೇಜಿನ ಮೇಲಿಟ್ಟ. ರಟ್ಟು ಹರಿದಿತ್ತು, ಹಾಳೆಗಳಿಗೆ ಹೊಗೆಯ ವಾಸನೆ. “ಲೈನ್ ಮನೆಯಲ್ಲಿ ಎಲ್ಲರಿಗೂ ಓದಿ ಹೇಳ್ದೆ ಸಾರ್” ಎಂದ. ಹೋಗುವಾಗ ಅಕ್ಷರ ಕೂಡಿಸುತ್ತಿದ್ದವನು ಆ ದಿನ ನನ್ನೆದುರು ಎರಡು ಪುಟ ತಡೆಯಿಲ್ಲದೆ ಓದಿದ. ಅಂದಿನಿಂದ ನಾನು ಬೀಗ ಹಾಕಲಿಲ್ಲ.

ಎಲ್ಲ ಮಕ್ಕಳೂ ಉಳಿದರೆಂದು ಹೇಳಲಾರೆ. ನಡುವೆ ಶಾಲೆ ಬಿಟ್ಟವರು ಅನೇಕರು. ಆದರೂ ಓದಲು ಬಂದವರು ಪಡಿತರ ಚೀಟಿಯಿಂದ ಹಿಡಿದು ಅರಣ್ಯ ಹಕ್ಕಿನ ಅರ್ಜಿಯವರೆಗೆ ಹಾಡಿಯವರಿಗೆ ಓದಿ ಹೇಳುವವರಾದರು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿದೆ.

ಹಳೆಯ ವಿದ್ಯಾರ್ಥಿಗಳು ಮಹೋತ್ಸವದ ನೆನಪಿಗೆ ಹೊಸ ಬೀರು ಕೊಡಿಸಲು ಮುಂದಾಗಿದ್ದೀರಿ, ಸಂತೋಷ. ಅದರ ಬೀಗದ ಕೈ ಮಕ್ಕಳ ಬಳಿಯೇ ಇರಲಿ. ಹರಿದ ಪುಸ್ತಕಕ್ಕೆ ಯಾರನ್ನೂ ದಂಡಿಸಬೇಡಿ. ಶನಿವಾರದ ಆ ಒಂದು ಅವಧಿಯನ್ನು ಯಾವ ಕಾರಣಕ್ಕೂ ಬಿಡಬೇಡಿ.